ಓರೆರೆಕ್ಕೆಯ ಹದಿನೇಳನೆಯ ಪರೀಕ್ಷೆ

ಚಳ್ಳಕೆರೆ ಬಯಲು
ಫೆಬ್ರವರಿ ೩೦, ೨೨೧೪

ಮಾನ್ಯ ಅಂಬುಜಾಕ್ಷಿಯವರಿಗೆ ಪಾಲಯ್ಯನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮ ಕಾಲದ ಫೆಬ್ರವರಿಗೆ ಮೂವತ್ತು ದಿನ. ಮಾತಿನಲ್ಲೂ ಅಲ್ಲಲ್ಲಿ ವಿಚಿತ್ರ ಕಂಡೀತು, ಕ್ಷಮಿಸಿ. ಇನ್ನೂರು ವರ್ಷ ಹಿಂದಕ್ಕೆ ಕಾಗದ ಹೋಗುವುದಿಲ್ಲವೆಂದು ನನಗೂ ಗೊತ್ತು. ಆದರೆ ಬರೆಯದೆ ಕೂರಲಾಗುತ್ತಿಲ್ಲ.

ನೀವು ಅಂದು ನಕ್ಷೆ ಬರೆದು ಪರೀಕ್ಷಿಸಿದ ವಿಮಾನವನ್ನೇ ನಾವು ಮತ್ತೆ ಕಟ್ಟಿದ್ದೇವೆ. ಬೆನ್ನ ಮೇಲೆ ಒಂದೇ ಉದ್ದ ರೆಕ್ಕೆ. ಮೇಲೇಳುವಾಗ ನೇರ ಅಡ್ಡಕ್ಕೆ, ಶಬ್ದವನ್ನು ಮೀರಿ ಓಡುವಾಗ ಒಂದು ತುದಿ ಮುಂದೆ, ಇನ್ನೊಂದು ಹಿಂದೆ. ನಾವು ಓರೆರೆಕ್ಕೆ ಎನ್ನುತ್ತೇವೆ, ಊರವರು ಸೊಟ್ಟ ವಿಮಾನ ಎನ್ನುತ್ತಾರೆ. ನಿಮ್ಮ ಕಾಲದಲ್ಲೂ ನಕ್ಕಿದ್ದರಂತೆ. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ 'ಸಾಕ್ಷಿಲೋಟ'ಗಳು ಇರುತ್ತವೆ, ಎಂದರೆ ಅಂಚಿಗೆ ಅಂಚು ತಾಗಿಸಿಟ್ಟ ಏಳು ಸ್ಟೀಲ್ ಲೋಟಗಳು. ಮೇಲೆ ಹೋಗುವ ವಿಮಾನದ ಗುಡುಗಿಗೆ ಅವು ಕಿಣಿಕಿಣಿ ಎಂದರೆ ಆ ವಿಮಾನ ಮತ್ತೆ ಹಾರುವಂತಿಲ್ಲ. ಹಾಗಾಗಿ ನೂರು ವರ್ಷ ಯಾರೂ ಶಬ್ದಕ್ಕಿಂತ ವೇಗವಾಗಿ ಪ್ರಯಾಣಿಸಲಿಲ್ಲ. ನಿಮ್ಮ ರೆಕ್ಕೆ ಹಾದುಹೋದಾಗ ಲೋಟಗಳು ತುಟಿ ಪಿಟಕ್ಕೆನ್ನಲಿಲ್ಲ. ಮುದುಕಿಯರು ಹೊರಗೆ ಬಂದು ಚಪ್ಪಾಳೆ ತಟ್ಟಿದರು.

ಗುರುವಾರ ಮೊದಲ ಬಾರಿಗೆ ಎಂಬತ್ತು ಪ್ರಯಾಣಿಕರನ್ನು ಕೂರಿಸಿಕೊಂಡು ನನ್ನ ಮಗಳು ಬೋರಕ್ಕ ಅದನ್ನು ಹಾರಿಸಬೇಕು. ನಾನು ಪರೀಕ್ಷೆಗಳ ದಾಖಲೆ ಬರೆಯುವವನು. ನಿನ್ನೆ ನಿಮ್ಮ ಹಳೆಯ ದಾಖಲೆ ತೆಗೆದೆ. ಹದಿನೇಳನೆಯ ಪರೀಕ್ಷೆ, ರೆಕ್ಕೆ ಐವತ್ತೆಂಟು ಡಿಗ್ರಿ ಓರೆ. ಎದುರಿಗೆ, 'ಸಣ್ಣ ತೊಂದರೆ. ಸರಿಪಡಿಸಲಾಗಿದೆ.' ಏನು ತೊಂದರೆ, ತಾಯಿ? ಯಾರು ಸರಿಪಡಿಸಿದರು? ಮೇಲಿನವರು ಮುಖ ಗಂಟಿಕ್ಕಬಾರದೆಂದು ಹಾಗೆ ಬರೆದಿರಾ? ನನಗೆ ನಿಮ್ಮ ಮೇಲೆ ಕೆಟ್ಟ ಕೋಪ ಬಂದಿದೆ.

ಕೋಪಿಸಿಕೊಳ್ಳುವ ಮುಖ ನನಗಿಲ್ಲ. ಹೋದ ತಿಂಗಳು ನಮ್ಮ ಪರೀಕ್ಷೆಯಲ್ಲೂ ಅದೇ ಐವತ್ತೆಂಟರಲ್ಲಿ ರೆಕ್ಕೆ ನಡುಗಿತು. ಇಳಿದು ಬಂದ ಬೋರಕ್ಕ ನನ್ನ ಕೈ ಹಿಡಿದು, "ಅಪ್ಪಾ, ಒಂದ್ ಗಳಿಗೆ ನಡುಗ್ತು, ಆಮೇಲೆ ನನ್ ಮಾತು ಕೇಳ್ತು. ನೀನು ದೊಡ್ಡದು ಮಾಡಿದ್ರೆ ವಿಮಾನ ಮೂಲೆಗೆ ಹೋಗ್ತೈತೆ. ಹನ್ನೊಂದು ವರ್ಷ ಕಾದಿದೀನಿ" ಎಂದಳು. ನಾನು ಕೂತು ಅಚ್ಚುಕಟ್ಟಾಗಿ ಬರೆದೆ: ಸಣ್ಣ ತೊಂದರೆ, ಸರಿಪಡಿಸಲಾಗಿದೆ. ಯಾರೂ ಏನೂ ಸರಿಪಡಿಸಿರಲಿಲ್ಲ.

ಆ ಪುಟ ನಿಮ್ಮ ಮೇಜಿನ ಮೇಲೆ ಇನ್ನೂ ತೆರೆದಿದ್ದರೆ, ಆದದ್ದನ್ನು ಆದಂತೆ ಬರೆಯಿರಿ, ಕೈಮುಗಿಯುತ್ತೇನೆ. ಉತ್ತರಕ್ಕೆ ಕಾಯುವಷ್ಟು ದಿನ ನನ್ನಲ್ಲಿಲ್ಲ. ಕಾಗದ ಮುಗಿಸಿ, ರೆಕ್ಕೆ ನಡುಗಿತು ಎಂದು ಬರೆದು ಸಹಿ ಹಾಕಲು ಹೊರಟಿದ್ದೇನೆ. ಗುರುವಾರದ ಹಾರಾಟ ನಿಲ್ಲುತ್ತದೆ. ಬೋರಕ್ಕ ನನ್ನೊಡನೆ ಮಾತು ಬಿಡುತ್ತಾಳೆ, ಅದು ಖಂಡಿತ. ಮಾತು ಬಿಡುವುದಕ್ಕಾದರೂ ಅವಳು ಇರಲಿ.

ಇಂತಿ,
ಪಾಲಯ್ಯ