ಗಿಂಬಲ್ಲಿನಲ್ಲಿ ಕಚ್ಚಿಕೊಂಡ ತಿರುಪು

ಮಾರ್ಚ್ ೧೨, ಮಂಗಳವಾರ

ತಿರುಪು ಇನ್ನೂ ಬಿಟ್ಟಿಲ್ಲ. ಕ್ಯಾಮೆರಾ, ಅದನ್ನು ಅಲುಗದಂತೆ ಹಿಡಿಯುವ ಗಿಂಬಲ್ಲಿಗೇ ಕಚ್ಚಿಕೊಂಡು ಕೂತಿದೆ. ಅದು ಕಳಚದೆ ಬ್ಯಾಟರಿ ಬದಲಿಸುವಂತಿಲ್ಲ, ಬೆಳಗಾದರೆ ಶೂಟಿಂಗ್.

ಮಗ ಸುತ್ತಿಗೆ ತಂದ. "ಒಂದೇ ಏಟು, ಅಮ್ಮ."

"ಏಟು ತಿರುಪಿಗೋ, ನಮ್ಮ ಸ್ಟುಡಿಯೋಗೋ?" ಎಂದು ಕಿತ್ತಿಟ್ಟುಕೊಂಡೆ.

ಸೊಸೆ ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಹಾಯಿಸಿದಳು. ಜಗ್ಗಲಿಲ್ಲ.

"ಇಷ್ಟು ಬಿಗಿ ಮಾಡು ಅಂತ ಯಾರೋ ಹೇಳಿದ್ದು ನಿನಗೆ?" ಎಂದು ಮಗನನ್ನು ಕೇಳಿದೆ.

"ಹೋದ ಸಲ ಸಡಿಲಾಗಿ ಬಿತ್ತು ಅಂತ ಎಲ್ಲರ ಮುಂದೆ ಬೈದ್ಯಲ್ಲಮ್ಮ. ಅದಕ್ಕೇ ಇಕ್ಕಳ ಹಾಕಿ ತಿರುಗಿಸ್ದೆ."

ಸೊಸೆ ಕ್ಯಾಮೆರಾ ಎತ್ತಿಕೊಂಡು ಪಕ್ಕದ ಕೋಣೆಗೆ ನಡೆದಳು, ಹಿಂದೆಯೇ ಮಗ.

ನಲವತ್ತು ದಾಟಿದ ಮಗ ನನಗೆ ಹೆದರುತ್ತಾನೆಂದು ಇಷ್ಟು ದಿನ ಬೀಗುತ್ತಿದ್ದೆ. ಈಗ ಇಬ್ಬರೂ ಪಕ್ಕದ ಕೋಣೆಯಲ್ಲಿ ಇನ್ನೂ ಹೆಣಗುತ್ತಿದ್ದಾರೆ. ಹೋಗಿ ಜೊತೆಗೆ ಕೂರಬೇಕು. ಬೈಯದೆ ಮಾತು ಹೇಗೆ ಶುರು ಮಾಡುವುದೋ, ಅದೊಂದು ಗೊತ್ತಿಲ್ಲ.