ಹಿಂಕೊ ಮತ್ತು ನಾನು ಚರ್ಮ ಹಿಡಿದ ದಿನ

ವೆಲೆನ್ಯೆ,
ಜುಲೈ ೬, ಗುರುವಾರ

ಪ್ರೀತಿಯ ಮೀಲ್ಕಾ,

ಸೊಂಟದ ನೋವು ಹೇಗಿದೆ? ಚಿಕಿತ್ಸಾಲಯದ ಬಿಸಿನೀರಿನ ಕೊಳದಲ್ಲಿ ನಿನ್ನನ್ನು ನಡೆಸುವ ಆ ಹುಡುಗಿ ಇನ್ನೂ ಬೈಯುತ್ತಾಳೋ, ಇಷ್ಟರಲ್ಲಿ ನೀನೇ ಅವಳನ್ನು ಬೈಯಲು ಶುರುಮಾಡಿದ್ದೀಯೋ? ಊಟ ಸೇರುತ್ತಿದೆ ತಾನೇ? ನಾನು ಚೆನ್ನಾಗಿದ್ದೇನೆ. ಮೊನ್ನೆ ಮೆಕ್ಕೆಜೋಳದ ಮುದ್ದೆ ತಿರುವಲು ಹೋಗಿ ತಳ ಹಿಡಿಸಿದೆ, ಪಾತ್ರೆ ಇನ್ನೂ ನೆನೆಯುತ್ತಿದೆ. ಯಾವ ಪಾತ್ರೆ ಎಂದು ಮಾತ್ರ ಕೇಳಬೇಡ. ಫೋನಿನಲ್ಲಿ "ಹೂಂ" ಬಿಟ್ಟು ಬೇರೆ ಮಾತೇ ಆಡದ ಗಂಡ ಕಾಗದವನ್ನಾದರೂ ಬರೆಯಲಿ ಎಂದೆಯಲ್ಲ, ಇಗೋ ಕೂತಿದ್ದೇನೆ. ಬರೆಯುವಂಥದ್ದೇ ನಡೆದಿದೆ.

ಗಣಿಗಾರರ ಹಬ್ಬಕ್ಕೆ ಈ ಸಲ ಚರ್ಮ ಹಿಡಿಯಲು ನನ್ನನ್ನು ಕರೆದರು! ಅಜ್ಜಂದಿರು ಗಣಿಯ ಇಳಿಜಾರಿನಲ್ಲಿ ಜಾರುವಾಗ ಹಿಂಬದಿಗೆ ಕಟ್ಟಿಕೊಳ್ಳುತ್ತಿದ್ದ ಆ ಚರ್ಮವನ್ನು ಇಬ್ಬರು ಹಿರಿಯರು ಎರಡು ತುದಿಯಲ್ಲಿ ಹಿಡಿಯಬೇಕು, ಗಣಿಗೆ ಸೇರಿದ ಹೊಸಬರು ಪೀಪಾಯಿ ಹತ್ತಿ ಅದರ ಮೇಲಿಂದ ಹಾರಬೇಕು. ಹಾರಿದ ಮೇಲೆ ತಾನೇ ಅವರು ನಮ್ಮವರಾಗುವುದು. ಪೆಟ್ಟಿಗೆಯಿಂದ ಕಪ್ಪು ಸಮವಸ್ತ್ರ ತೆಗೆದೆ. ಹಿತ್ತಾಳೆ ಗುಂಡಿಗಳಲ್ಲಿ ಎರಡನ್ನು ಹೊಟ್ಟೆಯ ಮೇಲೆ ಹಾಕಲಾಗಲೇ ಇಲ್ಲ, ನಿನ್ನ ಪಿನ್ನು ಚುಚ್ಚಿಕೊಂಡೆ. ಅಷ್ಟರವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗೊತ್ತಾಯಿತು, ಇನ್ನೊಂದು ತುದಿ ಹಿಡಿಯುವವನು ಹಿಂಕೊ!

ನೆಲದಡಿಯಲ್ಲಿ ವರ್ಷಗಟ್ಟಲೆ ಒಂದೇ ಡಬ್ಬಿಯ ಊಟ ಹಂಚಿಕೊಂಡವರು ನಾವು. ತೋಟದ ಬೇಲಿಯ ಮೇಲೆ ಬಾಗಿದ್ದ ನಮ್ಮ ಪ್ಲಮ್ ಮರದ ಕೊಂಬೆಯನ್ನು ಅವನು ಕತ್ತರಿಸಿದ ದಿನದಿಂದ ಮಾತಿಲ್ಲ, ಕತೆಯಿಲ್ಲ. (ನೀನು ಮಾತ್ರ ಅವನ ಹೆಂಡತಿ ರೋಜಿಕಾಗೆ ಅದೇ ಬೇಲಿಯ ಮೇಲಿಂದ ಜಾಮ್ ಬಾಟಲಿ ದಾಟಿಸುತ್ತಲೇ ಇದ್ದೆ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದೀಯ.) ಬೇಡ ಎಂದುಬಿಡಲೇ ಎಂದೂ ಯೋಚಿಸಿದೆ. ಆದರೆ ಚರ್ಮ ಹಿಡಿಯುವ ಮರ್ಯಾದೆಯನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ?

ಚೌಕದಿಂದ ಮೆರವಣಿಗೆ ಹೊರಟಿತು. ಮುಂದೆ ವಾದ್ಯದವರು, ಹಿಂದೆ ನಾವು ಮುದುಕರು, ಬಲಕ್ಕೆ ಅವನು, ಎಡಕ್ಕೆ ನಾನು, ನಡುವೆ ಒಂದು ಲಾರಿ ಹೋಗುವಷ್ಟು ಜಾಗ. ಊರು ಕಟ್ಟುವಾಗ ಭಾನುವಾರದ ಶ್ರಮದಾನದಲ್ಲಿ ಹದಿನಾರರ ಹುಡುಗಿ ನೀನು ಗುಂಡಿ ತೋಡಿದ್ದೆಯಲ್ಲ, ಆ ದೀಪದ ಕಂಬವನ್ನು ಮುಟ್ಟಿ ಮುಂದೆ ನಡೆದೆ. ಬೆಟ್ಟದ ಮೇಲಿನ ಕೋಟೆಗೆ ಬಾವುಟ ಏರಿಸಿದ್ದರು. ಕೆರೆಯ ಹತ್ತಿರ ಬಂದರೆ ಮಕ್ಕಳೆಲ್ಲ ಒದ್ದೆ ಮೈಯಲ್ಲೇ ಓಡಿಬಂದರು. ವಿದ್ಯುತ್ ಸ್ಥಾವರದ ಬೂದಿ ಸೇರಿ ಒಂದು ಮೀನೂ ಬದುಕದಿದ್ದ ಕೆರೆ ಅದು! ಗಣಿಯ ಮೇಲಿನ ನೆಲ ಕುಸಿದಾಗ ನಿನ್ನ ತವರಿನ ಹೊಲ ಮುಳುಗಿಸಿಕೊಂಡ ನೀರು ಕೊನೆಗೂ ನಾಲ್ಕು ಜನರಿಗೆ ಸಂತೋಷ ಕೊಡುತ್ತಿದೆ ಎಂದುಕೊಂಡೆ.

ಮೈದಾನದಲ್ಲಿ ಹಾರಾಟ ಶುರುವಾಯಿತು. ನಾನು ಚರ್ಮ ಇಳಿಸಿದರೆ ಹಿಂಕೊ ಎತ್ತುತ್ತಾನೆ, ಅವನು ಸಡಿಲ ಬಿಟ್ಟರೆ ನಾನು ಎಳೆಯುತ್ತೇನೆ. ಮೈಕಿನವನು "ಹಿರಿಯರೇ, ಇದು ಹಗ್ಗಜಗ್ಗಾಟ ಅಲ್ಲ" ಎಂದಾಗ ಇಡೀ ಮೈದಾನ ನಕ್ಕಿತು. ನಾವಿಬ್ಬರು ನಗಲಿಲ್ಲ.

ಆಗ ಪೀಪಾಯಿಯ ಮೇಲೆ ಹತ್ತಿದವಳು ಬ್ರೀನಾ. ಹಿಂಕೊನ ಮೊಮ್ಮಗಳು, ಗಣಿಯ ಅಳತೆ ಕೆಲಸಕ್ಕೆ ಸೇರಿದ್ದಾಳೆ. ಗುಬ್ಬಿಯಷ್ಟು ಪುಟ್ಟ ಹುಡುಗಿ, ಅಭ್ಯಾಸದಲ್ಲಿ ಕಾಲು ಸಿಕ್ಕಿ ಬಿದ್ದು ಹಿಮ್ಮಡಿ ಊದಿಸಿಕೊಂಡಿದ್ದಳಂತೆ. ಗಣಿ ಮುಚ್ಚುವ ಮಾತು ಕೇಳಿಬರುತ್ತಿರುವ ಕಾಲದಲ್ಲಿ ಇವಳಿಗೆ ಇದೆಲ್ಲ ಯಾಕೆ ಎಂದು ಹಿಂಕೊ ಮನೆಯಲ್ಲಿ ಕೂಗಾಡಿದ್ದನಂತೆ. ಈಗ ಅವನು ತನ್ನ ತುದಿಯನ್ನು ಒಂದು ಗೇಣು ಕೆಳಗಿಳಿಸಿದ ಮೀಲ್ಕಾ, ನನ್ನ ತುದಿ ಮೇಲೇ ಇತ್ತು. ನನ್ನ ಕಡೆ ನೋಡದೆಯೇ ಪಿಸುಗುಟ್ಟಿದ: "ಓಜ್ಬೇ, ಒಂಚೂರು ಕೆಳಗಿಳಿಸೋ."

ಇಷ್ಟು ವರ್ಷಗಳ ನಂತರ ಅವನಾಡಿದ ಮೊದಲ ಮಾತು! ನನ್ನ ಬಾಯಿ ಸುಮ್ಮನಿರುತ್ತದೆಯೇ? "ಅವಳು ನಿನ್ನ ಮೊಮ್ಮಗಳು ಕಣೋ, ನನ್ನ ಪ್ಲಮ್ ಮರ ಅಲ್ಲ, ಗಿಡ್ಡ ಮಾಡೋಕೆ. ಹಾರ್ತಾಳೆ ಬಿಡು" ಎಂದೆ. ಮೈಕು ಪಕ್ಕದಲ್ಲೇ ಇತ್ತು, ಊರಿಗೆಲ್ಲ ಕೇಳಿಸಿತು. ಬ್ರೀನಾ ಪೀಪಾಯಿಯ ಮೇಲೆ ಸೊಂಟಕ್ಕೆ ಕೈಯಿಟ್ಟು ಕೂಗಿದಳು: "ಅಜ್ಜಂದಿರಾ, ನಿಮ್ಮ ಜಗಳ ಮುಗೀತಾ? ನಾನು ಹಾರ್ಲಾ?"

ಹಾರುವ ಮುನ್ನ ಎಲ್ಲರೂ ಏನಾದರೊಂದು ಮಾತು ಹೇಳಬೇಕಲ್ಲ. ಅವಳು ಬಿಯರ್ ಲೋಟ ಒಂದೇ ಗುಟುಕಿಗೆ ಖಾಲಿ ಮಾಡಿ, "ಕಡೇ ದಿನ ಗಣಿಯ ದೀಪ ಆರಿಸೋಕೆ ಒಬ್ಬರು ಬೇಕಲ್ಲ, ಅದು ನಾನೇ ಆಗ್ತೀನಿ. ಆದ್ರೆ ಇವತ್ತಲ್ಲ!" ಎಂದಳು. ಮೈದಾನಕ್ಕೆ ಮೈದಾನವೇ ಎದ್ದು ನಿಂತಿತು. ನಾನು ಹಿಂಕೊನನ್ನು ನೋಡಿದೆ, ಅವನು ನನ್ನನ್ನು ನೋಡಿದ. ಇಬ್ಬರೂ ಒಟ್ಟಿಗೆ ಚರ್ಮವನ್ನು ಮೊಣಕಾಲಿನ ಎತ್ತರಕ್ಕೆ ನೆಟ್ಟಗೆ ಹಿಡಿದೆವು. ಹಾರಿದಳು! ನಮ್ಮ ತಲೆಯೆತ್ತರಕ್ಕೆ ಹಾರಿದಳು, ಅವಳ ಟೋಪಿಯ ಗರಿ ಹಿಂಕೊನ ಮೂಗು ಸವರಿಕೊಂಡು ಹೋಯಿತು. ಅವನು ಚರ್ಮ ಬಿಟ್ಟು ಚಪ್ಪಾಳೆ ತಟ್ಟಿದ, ಜಗ್ಗಿ ಹಿಡಿದಿದ್ದ ನಾನು ಹಿಂದಕ್ಕೆ ಮಗುಚಿ ಬಿದ್ದೆ, ನಿನ್ನ ಪಿನ್ನು ಎಲ್ಲಿ ಹಾರಿತೋ ದೇವರೇ ಬಲ್ಲ.

ಹಿಂಕೊ ಬಂದು ಎಬ್ಬಿಸಲು ಕೈ ಚಾಚಿದ. "ಏಳೋ ಮುದುಕ. ಆ ಕೊಂಬೇಗೆ ಹುಳ ಹಿಡಿದಿತ್ತು. ಹೇಳೋಣ ಅಂತ ಬಂದ್ರೆ ನೀನು ಬಾಗಿಲು ಹಾಕ್ಕೊಂಡೆ" ಎಂದ. ಅವನ ಕಣ್ಣು ಒದ್ದೆಯಾಗಿತ್ತು. "ಆಯ್ತು ಬಿಡು, ಬಿಯರ್ ನೀನು ಕೊಡಿಸು" ಎಂದೆ. ಆಮೇಲೆ ಗೂಲಾಶ್ ತಿಂದದ್ದೇನು, ವಾದ್ಯದವರ ಜೊತೆ ಅಪಸ್ವರದಲ್ಲಿ ಹಾಡಿದ್ದೇನು! ರೋಜಿಕಾ ನನ್ನನ್ನು ಎಳೆದುಕೊಂಡು ಹೋಗಿ ಪೋಲ್ಕಾ ಕುಣಿಸಿದಳು. ನನ್ನ ಮೊಣಕಾಲು ಈಗಲೂ ಅವಳನ್ನು ಶಪಿಸುತ್ತಿದೆ.

ಅವರೆಲ್ಲ ನಿನ್ನನ್ನು ಕೇಳಿದರು, ಬ್ರೀನಾ ಮುತ್ತು ಕಳಿಸಿದ್ದಾಳೆ. ಕೊಳದ ಮೆಟ್ಟಿಲಿನಲ್ಲಿ ಅವಸರ ಮಾಡಬೇಡ, ಕಂಬಿ ಹಿಡಿದೇ ಇಳಿ. ನೆಲದಡಿಗೆ ಇಳಿಯುವವರಿಗೆ ನಾವು ಹೇಳುವ ಶುಭವನ್ನೇ ನಿನಗೂ ಹೇಳುತ್ತೇನೆ: ಸ್ರೆಚ್ನೊ!

ನಿನ್ನ
ಓಜ್ಬೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನಗೆ ಇಷ್ಟವಿದ್ದರೆ ಇನ್ನೂ ಎರಡು ವಾರ ಅಲ್ಲೇ ಇರಬಹುದು ಎಂದು ನರ್ಸಮ್ಮ ಫೋನ್ ಮಾಡಿದ್ದಳು. "ಅವಳಿಷ್ಟ, ಆರಾಮಾಗಿ ಇರಲಿ" ಎಂದುಬಿಟ್ಟೆ. ಅದನ್ನು ನಂಬಬೇಡ. ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ ಮೀಲ್ಕಾ. ನಿನ್ನೆ ಹಿಂಕೊ ಬಂದು ಬಚ್ಚಲಲ್ಲಿ ನಿನಗೆ ಹಿಡಿದುಕೊಳ್ಳಲು ಕಂಬಿ ಜಡಿದುಕೊಟ್ಟ. ಶನಿವಾರ ಅವನ ಕಾರಿನಲ್ಲಿ ಬರುತ್ತೇವೆ. ಚೀಲ ಕಟ್ಟಿಕೊಂಡು ಬಾಗಿಲಲ್ಲೇ ಕೂತಿರು.