ಕಕ್ಕಸು ಗುಂಡಿಯ ಪಕ್ಕ ಎದ್ದು ನಿಂತ ತೆಂಗಿನಕಾಯಿ

ಇನ್ನೂ ಹೆಸರಿಲ್ಲದ ನನ್ನ ಮೊಮ್ಮಗುವೇ,

ಹಾಂ, ಆ ತೆಂಗಿನಕಾಯಿ ಕಕ್ಕಸು ಗುಂಡಿಯ ಪಕ್ಕದಲ್ಲೇ ಎದ್ದು ನಿಂತಿತು ಅಂದೆನಲ್ಲ, ನಿನ್ನೆ ಅಲ್ಲಿಗೇ ಮಾತು ನಿಂತದ್ದು. ನೀರು ನೋಡುವ ದೊಡ್ಡಯ್ಯ ಅಂಗೈ ಮೇಲೆ ಕಾಯಿ ಮಲಗಿಸಿಕೊಂಡು ಹಿತ್ತಿಲೆಲ್ಲ ತಿರುಗಿದ. ಅರಿಶಿನದ ಪಾತಿಯ ಹತ್ತಿರ ಅಲುಗದ ಕಾಯಿ ಗುಂಡಿಯ ಚಪ್ಪಡಿ ದಾಟುತ್ತಲೇ ನೆಟ್ಟಗಾಯಿತು. ಹೆರಿಗೆಗೆಂದು ಚಾಮರಾಜನಗರದಿಂದ ಬೇಗೂರಿನ ಈ ತವರಿಗೆ ಬಂದಿರುವ ನಿಮ್ಮಮ್ಮ ಹರ್ಷಿತಾ ಚಪ್ಪಾಳೆ ತಟ್ಟಿದಳು. ನೀನೂ ಹೊಟ್ಟೆಯೊಳಗಿಂದ ಒಂದು ಒದೆ ಕೊಟ್ಟೆಯಂತೆ.

ಬೋರ್‌ವೆಲ್ಲನ್ನು ಗುಂಡಿಯಿಂದ ದೂರ ಕೊರೆಸಿ ಎಂದೆ. "ಗಂಗವ್ವ ತೋರಿದ್ ಜಾಗ ಬುಟ್ಟು ಬ್ಯಾರೆ ಕಡೆ ಕೊರುದ್ರೆ ಮುನಿಸ್ಕತಾಳೆ ಬುದ್ಧಿ" ಎಂದ ದೊಡ್ಡಯ್ಯ. ನಿನ್ನ ಸೋದರಮಾವ ಸಾಗರ್ ನಕ್ಕುಬಿಟ್ಟ. "ಗುಂಡಿ ಆಳ ಎಷ್ಟು, ಬೋರ್ ಆಳ ಎಷ್ಟು? ಪಾತಾಳುಕ್ಕೆ ಓಗಿ ವಾಸ್ನೆ ನೋಡ್ಕ ಬಂದಿದ್ದೀಯಾ? ಬುಡಪ್ಪ!"

ಪಾತಾಳಕ್ಕೆ ನಾನು ಹೋಗಿಲ್ಲ, ಮಗು. ವಾಟರ್ ಈಸ್ ದಿ ಯೂನಿವರ್ಸಲ್ ಸಾಲ್ವೆಂಟ್, ನೀರು ಎಲ್ಲವನ್ನೂ ತನ್ನಲ್ಲಿ ಕರಗಿಸಿಕೊಳ್ಳುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೆ. ಆಮೇಲೆ ದೇರ್‌ಫೋರ್ ಅಂತ ಇನ್ನೊಂದು ಸಾಲಿತ್ತು, ಮರೆತುಹೋಗಿದೆ. ನಿನ್ನ ಅಜ್ಜಿ ಪುಟ್ಟಮಲ್ಲಮ್ಮ ಇದ್ದಿದ್ದರೆ "ಮೊದ್ಲು ನಿಮ್ಮಪ್ಪ ಏಳದು ಕೇಳ್ಲಾ" ಎಂದು ಮಗನ ತಲೆಗೆ ಮೊಟಕುತ್ತಿದ್ದಳು. ಅವಳಿಗೆ ಯೂನಿವರ್ಸಲ್ಲೂ ಬೇಕಿರಲಿಲ್ಲ, ದೇರ್‌ಫೋರೂ ಬೇಕಿರಲಿಲ್ಲ. ಅವನು ಕೇಳುತ್ತಿದ್ದ.

ಜಾಗ ಬದಲಾಗದು ಎಂದಾದ ಮೇಲೆ ಇನ್ನೊಂದನ್ನು ಬೇಡಿಕೊಂಡೆ. ಕೊರೆದ ತೂತಿಗೂ ಅದರೊಳಗೆ ಇಳಿಸುವ ಕೇಸಿಂಗ್ ಪೈಪಿಗೂ ನಡುವೆ ಸಂದು ಉಳಿಯುತ್ತದೆ. ಗುಂಡಿಯ ಕೊಳೆ ಕೆಳಗಿಳಿಯುವುದು ಅದೇ ದಾರಿಯಲ್ಲಿ. ಪೈಪನ್ನು ಗಟ್ಟಿಬಂಡೆಯವರೆಗೆ ಇಳಿಸಿ, ಸಂದಿಗೆ ಸಿಮೆಂಟು ಸುರಿಯಿರಿ ಎಂದೆ. ಸಿಮೆಂಟು ಮೂಟೆಯನ್ನು ನಾನೇ ತರಿಸಿ ಜಗಲಿಯಲ್ಲಿ ಇಟ್ಟಿದ್ದೆ. ಇವತ್ತು ಬೋರ್ ಕೊರೆಯುವ ಲಾರಿಯವರು "ಅದು ಗಟ್ಟಿ ಆಗಗಂಟ ಕಾಯಕ್ಕಾಯ್ತದಾ ಸಾರ್? ಗುಂಡ್ಲುಪೇಟೇಲಿ ಇನ್ನೊಂದು ಪಾಯಿಂಟದೆ" ಎಂದರು. ಪೈಪು ಗಟ್ಟಿಬಂಡೆ ಮುಟ್ಟದೆ ಮೇಲಿನ ಪುಡಿಗಲ್ಲಿನಲ್ಲೇ ನಿಂತಿತು. ಸಂದಿಗೆ ಹಳೇ ಗೋಣಿಚೀಲ ತುರುಕಿ, ಮೇಲೆ ಮಣ್ಣೆಳೆದರು.

ನೀರು ಚಿಮ್ಮಿತು. ಪೂಜೆ ಮಾಡಿ, ತಿಳಿಯಾದ ಮೊದಲ ನೀರು ಬಸುರಿಗೇ ಸಲ್ಲಬೇಕೆಂದು ಹರ್ಷಿತಾಳ ಬೊಗಸೆಗೆ ಹಾಕಿದರು. ಕಾಯಿಸಿ ಕೊಡಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಿಗೊತ್ತಿಕೊಂಡು ಕುಡಿದಿದ್ದಳು. "ಎಳನೀರಿದ್ದಂಗದೆ ಕಣಪ್ಪ" ಎಂದಳು.

ಎಲ್ಲರೂ ಊಟಕ್ಕೆ ಕೂತಾಗ ಆ ಗೋಣಿಯನ್ನು ಎಳೆದು ನೋಡಿದೆ. ಅರ್ಧ ಹರಿದು ಕೈಗೆ ಬಂತು. ಉಳಿದರ್ಧ ಒಳಗೆ ಜಾರಿಹೋಯಿತು. ಈಗ ಅಲ್ಲೇ ಸ್ಟೂಲು ಹಾಕಿಕೊಂಡು ಬರೆಯುತ್ತಿದ್ದೇನೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಮೋಡ ಕಟ್ಟಿದೆ. ಊರೆಲ್ಲ ಮಳೆ ಬರಲಿ ಎನ್ನುತ್ತಿದೆ, ನಾನೊಬ್ಬ ಬೇಡ ಎನ್ನುತ್ತಿದ್ದೇನೆ. ಮಳೆ ಬಂದರೆ ಗುಂಡಿ ತುಂಬುತ್ತದೆ. ನಿನಗೆ ಕಾಯಿಸಿದ ನೀರನ್ನೇ ಕೇಳು ಎಂದು ಹೇಳಬಹುದು. ಕೇಳಲು ನಿನಗೆ ಮಾತು ಬರುವುದಿಲ್ಲ. ನನಗೆ ಬರುತ್ತದೆ, ಏನು ಪ್ರಯೋಜನ?

ಅಯ್ಯೋ, ಬೆಳಕು ಹೋಗುತ್ತಿದೆ, ಬರೆದ ಸಾಲೇ ಕಾಣುತ್ತಿಲ್ಲ. ಒಳಗೆ ಹರ್ಷಿತಾ ಡ್ರಮ್ಮಿನಲ್ಲಿ ಹಿಡಿದಿಟ್ಟ ಆ ನೀರನ್ನೇ ಬಿಂದಿಗೆಗೆ ತುಂಬಿಕೊಳ್ಳುವ ಸದ್ದು ಕೇಳುತ್ತಿದೆ. ಎದ್ದು ಒಲೆ ಹಚ್ಚುತ್ತೇನೆ.

ನಿನ್ನ ಹೊಟ್ಟೆ ತಣ್ಣಗಿರಲಿ, ಕಂದ.

ನಿನ್ನ ತಾತ,
ವೃಷಭೇಂದ್ರಪ್ಪ